ಲಗಮಣ್ಣನ ಸೈಕಲ್ಲು ಎರಡು ಬೆರಳು ಗಿಡ್ಡವಾದದ್ದು

ಮೊನ್ನೆ ಸೈಕಲ್ ಫ್ರೇಮು ಬೆಸೆಯುವ ನನ್ನ ವಿಡಿಯೊ ಕೆಳಗೆ ಒಬ್ಬ ಬರೆದಿದ್ದ: “ಅಜ್ಜಾ, ಈಗಿನ ಕಾಲದಾಗ ಕಬ್ಬಿಣದ ಫ್ರೇಮ್ ಯಾರ ಮಾಡಸ್ತಾರ? ಎಲ್ಲಾ ಗುಜರಿಗೆ ಹಾಕಿ ಆರಾಮ ಕುಂಡ್ರು.”

ತಮ್ಮಾ, ಮೊದಲಿಗೆ ನಾನು ಅಜ್ಜನಲ್ಲ. ನನಗೆ ಐವತ್ತಾರು. ಕೂದಲು ಬೆಳ್ಳಗಾಗಿದ್ದರೆ ಅದು ಗ್ಯಾಸಿನ ಉರಿಯ ಮುಂದೆ ಕೂತ ಕೂಲಿ. ಇನ್ನು ಕಬ್ಬಿಣ ಅಂದೆಯಲ್ಲ, ನಿಮ್ಮ ಮನೆಯ ಗೇಟು ಕಬ್ಬಿಣದ್ದು. ನಾನು ಕಟ್ಟಿದ್ದು ಉಕ್ಕಿನ ಕೊಳವೆಯ ಫ್ರೇಮು. ಗುಜರಿಯ ಮಾತಿಗೆ ಮಾತ್ರ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಐಟಿಐ ಮುಗಿಸಿ ವೆಲ್ಡಿಂಗ್ ಕೆಲಸ ಹಿಡಿಯಬೇಕೆಂದಿರುವವರೂ ಓದಿ. ಹೇಗೆ ಕಲಿಯಬೇಕು ಎಂಬುದಕ್ಕಿಂತ ನಾನು ಹೇಗೆ ಕೆಡಿಸಿದೆ ಎಂಬುದೇ ಇದರಲ್ಲಿ ಜಾಸ್ತಿ ಇದೆ.

ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ ಕೆಲಸ ಇಷ್ಟು: ಮನುಷ್ಯನನ್ನು ನಿಲ್ಲಿಸಿ ಅಳೆಯುವುದು, ಆ ಅಳತೆಗೆ ಕೊಳವೆ ಕತ್ತರಿಸುವುದು, ಅರದಿಂದ ತೀಡಿ ಒಂದಕ್ಕೊಂದು ಕೂಡಿಸುವುದು, ಹಿತ್ತಾಳೆ ಕರಗಿಸಿ ಬೆಸೆಯುವುದು. ದರ್ಜಿ ಅಂಗಿ ಹೊಲಿದ ಹಾಗೆ. ಕಂಪನಿಯ ಸೈಕಲ್ಲು ಯಾರ ಮೈಗೆ, ಯಾರ ಕೆಲಸಕ್ಕೆ ಹೊಂದುವುದಿಲ್ಲವೋ ಅವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಎರಡೂ ಮಗ್ಗುಲಿಗೆ ಹಾಲಿನ ಕ್ಯಾನು ಕಟ್ಟುವವರು. ಪೋಲಿಯೊದಿಂದ ಒಂದು ಕಾಲು ಗಿಡ್ಡವಾಗಿದ್ದ ನಿಪ್ಪಾಣಿಯ ಟೀಚರ್ ಬಾಯಿ. ಜಾತ್ರೆ ಜಾತ್ರೆ ತಿರುಗಿ ಸೈಕಲ್ ರೇಸು ಹೊಡೆಯುವ ಹುಡುಗರು. ಮತ್ತೆ ಮುಗಳಖೋಡದ ಲಗಮಣ್ಣ. ಅವನ ಕಥೆಯೇ ಇದು.

ಅದಕ್ಕೆ ಮೊದಲು ನನ್ನ ಗುರುವಿನ ಬಗ್ಗೆ ಹೇಳಬೇಕು. ಹುಸೇನಸಾಬರು. ಊರಿಗೆಲ್ಲ ಉಸ್ತಾದ. ಆ ಶೆಡ್ಡು ಅವರದೇ. ಮೊದಲ ಒಂದು ವರ್ಷ ನನ್ನ ಕೈಗೆ ಅರ ಬಿಟ್ಟು ಬೇರೇನೂ ಕೊಡಲಿಲ್ಲ. ಕೊಳವೆಯ ತುದಿಯನ್ನು ಇನ್ನೊಂದು ಕೊಳವೆಯ ಬೆನ್ನಿಗೆ ಕೂಡುವ ಹಾಗೆ ಬಾಗಿಸಿ ತೀಡಬೇಕು. ಎರಡನ್ನೂ ಕೂಡಿಸಿ ಬೆಳಕಿಗೆ ಹಿಡಿಯುತ್ತಿದ್ದರು. ನಡುವೆ ಒಂದು ಕೂದಲಷ್ಟು ಬೆಳಕು ಕಂಡರೂ ಕೊಳವೆ ಮೂಲೆಗೆ ಹೋಗುತ್ತಿತ್ತು.

“ಉಸ್ತಾದ, ಹಿತ್ತಾಳಿ ತುಂಬತೇತಲ್ಲ ಆ ಸಂದಿ?” ಎಂದು ಒಮ್ಮೆ ಕೇಳಿದೆ.

“ಬಾಳ್ಯಾ, ಹಲ್ಲ ಬಿದ್ದ ಜಾಗಾದಾಗ ಅನ್ನ ತುಂಬಿಕೊಂಡ್ರ ಹಲ್ಲ ಬಂದಂಗ ಆಗತೇತೇನ?”

ಮರುವರ್ಷ ಗ್ಯಾಸು ಹಿಡಿಯಲು ಬಿಟ್ಟರು. ಮೊದಲ ಫ್ರೇಮಿನಲ್ಲೇ ಅವಸರ ಮಾಡಿದೆ. ಕೊಳವೆ ಕೆಂಪಾಗಿ ಹಿತ್ತಾಳೆ ತಾನಾಗಿಯೇ ಒಳಗೆ ಹರಿಯಬೇಕು. ನಾನು ಉರಿ ಏರಿಸಿ, ಕೊಳವೆ ಬೆಳ್ಳಗಾಗುವಂತೆ ಕಾಯಿಸಿ, ಹಿತ್ತಾಳೆಯಿಂದ ಬಿಳಿ ಹೊಗೆ ಎಬ್ಬಿಸಿಬಿಟ್ಟೆ. ಉಸ್ತಾದರು ಬಂದು ಬೆಸುಗೆಯನ್ನು ನೋಡಲೂ ಇಲ್ಲ. ಫ್ರೇಮನ್ನು ಎತ್ತಿ ಹಗ್ಗಕ್ಕೆ ತೂಗುಹಾಕಿ ಸ್ಪ್ಯಾನರಿನಿಂದ ಬಡಿದರು. ಒಳ್ಳೆಯ ಫ್ರೇಮು ಕಂಚಿನ ತಾಟಿನಂತೆ ನಾದ ಕೊಡುತ್ತದೆ. ನನ್ನದು ಒಡೆದ ಗಡಿಗೆಯಂತೆ ಥಪ್ ಎಂದಿತು. “ಕೇಳಿದ್ಯಾ?” ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆ ಶೆಡ್ಡಿಗೆ ಒಂದು ಕಾನೂನು ಇತ್ತು. ಯಾರೇ ಬರಲಿ, ಶಿರಗುಪ್ಪಿಯ ದೊಡ್ಡ ರೈತನೇ ಬರಲಿ, ಚಪ್ಪಲಿ ಹೊರಗೆ. ನಾವು ನೆಲದ ಮೇಲೆ ಕೂತು ಕೆಲಸ ಮಾಡುವವರು, ಅಲ್ಲೇ ಬುತ್ತಿ ಬಿಚ್ಚುವವರು, ಉಸ್ತಾದರು ಅಲ್ಲೇ ಮೂಲೆಯಲ್ಲಿ ನಮಾಜು ಮಾಡುವವರು. “ಇದು ಅನ್ನದ ಜಾಗಾ” ಎನ್ನುತ್ತಿದ್ದರು. ಜನ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಾನು ಅಳೆಯುತ್ತಿದ್ದೆ. ಈ ಕಾನೂನೇ ನಮ್ಮ ಕಾಲಿಗೆ ತೊಡರಿಕೊಳ್ಳುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಲಗಮಣ್ಣ ಸಾಣೆ ಹಿಡಿಯುವವನು. ಅವನ ಅಂಗಡಿ ಎಂದರೆ ಅವನ ಸೈಕಲ್ಲೇ. ಊರಿಂದೂರಿಗೆ ತುಳಿದುಕೊಂಡು ಹೋಗಿ, ಸ್ಟ್ಯಾಂಡು ಹಾಕಿ, ಸೀಟಿನ ಮೇಲೆ ಕೂತು ತುಳಿಯತೊಡಗಿದರೆ ಹಿಂದಿನ ಗಾಲಿಗೆ ಹಾಕಿದ ಪಟ್ಟಿ ದಂಡಿಯ ಮೇಲೆ ಕೂರಿಸಿದ ಸಾಣೆಕಲ್ಲನ್ನು ತಿರುಗಿಸುತ್ತದೆ. ದಂಡಿ ಎಂದರೆ ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಅಡ್ಡ ಕೊಳವೆ. ಕಬ್ಬಿನ ಹಂಗಾಮಿನಲ್ಲಿ ಅವನಿಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಮಹಾರಾಷ್ಟ್ರದಿಂದ ಬಂದ ಕಬ್ಬು ಕಡಿಯುವ ಗ್ಯಾಂಗುಗಳ ಕತ್ತಿಗಳಿಗೆಲ್ಲ, ಅವರು ಕೊಯ್ತಾ ಎನ್ನುವುದಕ್ಕೆ, ಅವನದೇ ಸಾಣೆ.

“ಉಸ್ತಾದ, ಈ ದಂಡಿ ಒಂದ ಹಂಗಾಮಿಗೆ ಎರಡ ಸಲ ಮುರೀತೇತಿ,” ಎನ್ನುತ್ತ ಬಂದ. “ವೆಲ್ಡಿಂಗ್ ಹಚ್ಚಸ್ತೇನಿ, ಹಚ್ಚಿದ ಜಾಗಾ ಬಿಟ್ಟ ಮಗ್ಗಲದಾಗ ಮುರೀತೇತಿ. ನಾ ಸಾಣಿ ಹಿಡೀಲೋ, ಸೈಕಲ್ ಹಿಡೀಲೋ?”

ಮುರಿಯದೆ ಏನು ಮಾಡೀತು? ತೆಳ್ಳನೆಯ ಕೊಳವೆ. ಮೇಲೆ ಗಿರ್ ಎನ್ನುವ ಕಲ್ಲು, ದಿನವಿಡೀ ನಡುಕ. ಕರೆಂಟಿನ ವೆಲ್ಡಿಂಗು ಆ ತೆಳ್ಳನೆಯ ಕೊಳವೆಯನ್ನು ಸುಟ್ಟುಬಿಡುತ್ತದೆ, ಸುಟ್ಟ ಜಾಗದ ಅಂಚಿನಲ್ಲಿ ಮತ್ತೆ ಬಿರುಕು. ನಾವು ಅವನಿಗೆ ಎರಡು ದಂಡಿಯ ಫ್ರೇಮು ಕಟ್ಟಿದೆವು. ಸೀಟು ಎಷ್ಟು ಎತ್ತರ, ಕಲ್ಲು ಎಷ್ಟು ಎತ್ತರ, ಕೈ ಎಲ್ಲಿ ಬರಬೇಕು, ಬೆನ್ನು ಎಷ್ಟು ಬಾಗಬೇಕು, ಎಲ್ಲ ಅವನ ಮೈಯಳತೆಗೆ. ಅಳೆದವನು ನಾನು, ಬೆಸೆದವನು ನಾನು. ಉಸ್ತಾದರು ಸ್ಪ್ಯಾನರಿನಿಂದ ಬಡಿದು ತಲೆಯಾಡಿಸಿದರು. ಅವತ್ತು ನಾನು ಊಟವನ್ನೂ ಮರೆತಿದ್ದೆ.

ಹದಿನೈದು ದಿನಕ್ಕೆ ಲಗಮಣ್ಣ ಮತ್ತೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ.

“ಬಾಳಣ್ಣಾ, ಫ್ರೇಮ್ ಕಲ್ಲ ಇದ್ದಂಗ ಐತಿ. ಖರೇ, ಮಣಕಾಲ ಹಿಡ್ಯಾಕತ್ತಾವ.”

“ಹೊಸಾ ಸೈಕಲ್ ಐತಪಾ. ಎಂಟ ದಿನಾ ತುಳಿ, ಮೈಗಿ ಕೂಡತೇತಿ.”

“ಎಂಟ ಆಗಿ ಹದಿನೈದ ಆದೂರಿ.”

“ಹಂಗಾರ ನಿನ್ನ ಮಣಕಾಲದಾಗ ಏನರ ಐತಿ. ಡಾಕ್ಟರಗ ತೋರಸ.”

ಈ ಮಾತನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮೈಗೆ ಸರಿಯಾಗಿ ಕಟ್ಟುತ್ತೇನೆ ಎಂದು ಹೇಳಿ ಮಾಡಿದವನು ನಾನು, ಕೊನೆಗೆ ಮೈಯದ್ದೇ ತಪ್ಪು ಎಂದವನೂ ನಾನೇ. ಲಗಮಣ್ಣ ಜಗಳ ಮಾಡಲಿಲ್ಲ. ಎದ್ದು ಹೋದ. ಹೊಸಬರಿಗೆ ಒಂದು ಮಾತು: ಗಿರಾಕಿ ಬೈದು ಹೋದರೆ ಹೆದರಬೇಡಿ, ತಿರುಗಿ ಬರುತ್ತಾನೆ. ಸುಮ್ಮನೆ ಎದ್ದು ಹೋದರೆ ಅವನ ಹಿಂದೆ ನೀವೇ ಹೋಗಿ.

ನಾನೂ ಹೋದೆ, ಆದರೆ ತಡವಾಗಿ. ಹಂಗಾಮು ಶುರುವಾದ ಮೇಲೆ ಶಿರಗುಪ್ಪಿ ಕಡೆಯಿಂದ ಬಂದ ಒಬ್ಬ ಟ್ರ್ಯಾಕ್ಟರಿನವನು ಹೇಳಿದ: “ನಿಮ್ಮ ಲಗಮಣ್ಣ ಕುಂಟಾಕತ್ತಾನಲ್ರಿ. ಮುಕಾದಮ ಮೋಟರ್ ಸಾಣಿಯವ್ನ ಕರಸ್ತೇನಿ ಅನ್ನಾಕತ್ತಾನ.” ಮುಕಾದಮ ಎಂದರೆ ಕಬ್ಬಿನ ಗ್ಯಾಂಗಿನ ಮುಖ್ಯಸ್ಥ. ಅವನು ಕೈಬಿಟ್ಟರೆ ಲಗಮಣ್ಣನ ಹಂಗಾಮು ಮುಗಿದ ಹಾಗೆ. ಒಂದು ಹಂಗಾಮು ತಪ್ಪಿದರೆ ಮರುವರ್ಷ ಆ ಜಾಗದಲ್ಲಿ ಬೇರೆಯವನು ಕೂತಿರುತ್ತಾನೆ.

ಮರುದಿನ ಬೆಳಗಿನ ಬಸ್ಸು ಹಿಡಿದೆ. ಕಬ್ಬು ಕಡಿದ ಹೊಲದ ಅಂಚಿನಲ್ಲಿ ಗ್ಯಾಂಗಿನವರ ಗುಡಿಸಲುಗಳು. ಅಲ್ಲೇ ಲಗಮಣ್ಣ ಸ್ಟ್ಯಾಂಡು ಹಾಕಿ ಕೂತಿದ್ದ. ಎರಡೂ ಮೊಣಕಾಲಿಗೆ ಒದ್ದೆ ಬಟ್ಟೆ ಸುತ್ತಿತ್ತು. ಎದುರಿಗೆ ಏಳೆಂಟು ಹೆಂಗಸರು ಕೊಯ್ತಾ ಹಿಡಿದು ನಿಂತಿದ್ದರು. “ಮಾಮಾ, ಲವ್ಕರ್ ಕರಾ ನಾ!” ಎಂದು ಅವಸರ ಮಾಡುತ್ತಿದ್ದರು. ನಾಲ್ಕು ಸುತ್ತು ತುಳಿಯುವುದು, ಮೊಣಕಾಲು ಒತ್ತಿಕೊಳ್ಳುವುದು, ಮತ್ತೆ ನಾಲ್ಕು ಸುತ್ತು. ಮುಕಾದಮ ದೂರ ನಿಂತು ತಂಬಾಕು ತಿಕ್ಕುತ್ತ ಇದನ್ನೇ ನೋಡುತ್ತಿದ್ದ.

ನಾನು ಲಗಮಣ್ಣನ ಕಾಲು ನೋಡಿದೆ. ನೋಡಿದವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಅವನ ಕಾಲಲ್ಲಿ ಅಥಣಿ ಕಡೆಯ ದಪ್ಪ ಅಟ್ಟೆಯ ಚಪ್ಪಲಿ. ಕೆಳಗೆ ಇನ್ನೊಂದು ಅಟ್ಟೆ ಹೊಡೆಸಿದ್ದು. ಎರಡು ಬೆರಳು ದಪ್ಪ.

ಮೂರು ಸಲ ನಮ್ಮ ಶೆಡ್ಡಿಗೆ ಬಂದಿದ್ದ. ಮೂರೂ ಸಲ ಚಪ್ಪಲಿ ಬಾಗಿಲಾಚೆ. ಅವನು ದುಡಿಯುವ ಕಾಲನ್ನು ನಾನು ಒಮ್ಮೆಯೂ ನೋಡಿರಲೇ ಇಲ್ಲ. ಅಳೆದದ್ದು ಬರಿಗಾಲಿನ ಲಗಮಣ್ಣನನ್ನು. ಸೈಕಲ್ಲು ತುಳಿಯುತ್ತಿದ್ದವನು ಅವನಿಗಿಂತ ಎರಡು ಬೆರಳು ಎತ್ತರದ ಲಗಮಣ್ಣ. ಸೀಟು ಅಷ್ಟು ತಗ್ಗಾಗಿ, ಪ್ರತಿ ಸುತ್ತಿಗೂ ಮೊಣಕಾಲು ಮಡಚಿ ಮಡಚಿ ನೋಯುತ್ತಿತ್ತು.

“ಲಗಮಣ್ಣಾ, ಚಪ್ಪಲ್ ಕಳೀ.”

“ಯಾಕ್ರಿ, ಇಲ್ಲೂ ನಿಮ್ಮ ಉಸ್ತಾದನ ಕಾನೂನ ಬಂತೇನ?”

ಹೆಂಗಸರು ನಕ್ಕರು. ಕಳೆದ. ತುಳಿದ. ಹತ್ತು ಸುತ್ತು, ಇಪ್ಪತ್ತು ಸುತ್ತು. ಅವನ ಮುಖ ಬದಲಾಯಿತು. “ಈಗ ಹಗೂರ ಆತಲ್ರಿ!”

“ಮತ್ತ ಬರಿಗಾಲಲೇ ತುಳಿ.”

“ಕಿಡಿ ಬೀಳತಾವ ಕಾಲ ಮ್ಯಾಲ. ಇಳದ್ರ ಕಬ್ಬಿನ ಕೂಳಿ ಚುಚ್ಚತಾವ. ಕಾಲ ಸುಟಗೊಳ್ಳೋದೋ, ಮಣಕಾಲ ಕಳಕೊಳ್ಳೋದೋ, ನೀವ ಹೇಳ್ರಿ.”

ಸೀಟು ಎರಡು ಬೆರಳು ಎತ್ತಿದರೆ ಆಯ್ತಲ್ಲ ಎನ್ನುತ್ತೀರಿ. ನಾನೂ ಎತ್ತಿ ನೋಡಿದೆ. ಸೀಟು ಏರಿತು, ಕಲ್ಲು ಇದ್ದಲ್ಲೇ ಉಳಿಯಿತು. ಕೊಯ್ತಾ ಹಿಡಿಯಲು ಅವನು ಗೂನನಂತೆ ಬಾಗಬೇಕಾಯಿತು. ಅರ್ಧ ಗಂಟೆಗೇ ಸೊಂಟ ಹಿಡಿದುಕೊಂಡ. ಫ್ರೇಮನ್ನೇ ಬಿಚ್ಚಬೇಕಿತ್ತು.

ಮುಕಾದಮನ ಬಳಿ ಹೋಗಿ ಕೈ ಮುಗಿದೆ. “ಸಾವ್ಕಾರ, ತಪ್ಪ ಅವಂದಲ್ಲ, ನಂದ. ನಾಕ ದಿನಾ ಕೊಡ್ರಿ.”

ಅವನು ತಂಬಾಕು ಉಗುಳಿ, “ಚಾರ್ ದಿವಸ್. ಪಾಚವ್ಯಾ ದಿವಶೀ ಮೋಟರ್‌ವಾಲಾ” ಎಂದ. ನಾಲ್ಕೇ ದಿನ, ಐದನೆಯ ದಿನ ಮೋಟರಿನವನು ಬರುತ್ತಾನೆ.

ಲಗಮಣ್ಣನನ್ನೂ ಸೈಕಲ್ಲನ್ನೂ ಕರೆದುಕೊಂಡು ರಾಯಬಾಗಕ್ಕೆ ಬಂದೆ. ಉಸ್ತಾದರು ಪೂರ್ತಿ ಕೇಳಿಸಿಕೊಂಡರು. ಲಗಮಣ್ಣನನ್ನು ಗೋಡೆಗೆ ನಿಲ್ಲಿಸಿ ತಾವೇ ಮತ್ತೆ ಅಳೆದರು.

“ಅಳತಿ ಬರೋಬರ್ ಐತಿ.”

“ಅಳತಿ ಬರೋಬರ್ ಐತ್ರಿ ಉಸ್ತಾದ. ಚಪ್ಪಲ್ ಅಳದಿಲ್ಲ ನಾವು. ಅವ್ನ ಚಪ್ಪಲ್ ಹಾಕ್ಕೊಂಡ ನಿಲ್ಲಸಬೇಕು.”

“ಒಳಗ ಚಪ್ಪಲ್ ಬರೂದಿಲ್ಲ.”

“ಉಸ್ತಾದ…”

“ಬಾಳ್ಯಾ. ಒಳಗ ಚಪ್ಪಲ್ ಬರೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಟೇಪು ಎತ್ತಿಕೊಂಡು ಲಗಮಣ್ಣನ ರಟ್ಟೆ ಹಿಡಿದು ರಸ್ತೆಗೇ ಕರೆದೊಯ್ದೆ. ಚಪ್ಪಲಿ ಹಾಕಿಸಿ, ಎದುರಿನ ಚಹಾದಂಗಡಿಯ ಗೋಡೆಗೆ ನಿಲ್ಲಿಸಿ ಅಳೆಯತೊಡಗಿದೆ. ಚಹಾ ಕುಡಿಯುವವರಿಗೆ ಹಬ್ಬವಾಯಿತು. “ಏನಪಾ ಬಾಳ್ಯಾ, ಲಗಮಣ್ಣಗ ಎರಡನೇ ಮದವಿ ಅಂಗಿ ಹೊಲಸಾಕತ್ತೀಯೇನ?” ಲಗಮಣ್ಣನೂ ಬಿಡಲಿಲ್ಲ: “ಹೆಣ್ಣ ನಿಮ್ಮ ಮನ್ಯಾಗ ಐತಂದ, ಅದಕ ಅಳ್ಯಾಕತ್ತಾನ!”

ಉಸ್ತಾದರು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಅಳತೆ ಬರೆದುಕೊಂಡು ಒಳಗೆ ಬಂದಾಗ ಒಂದೇ ಮಾತು ಹೇಳಿದರು: “ಬಿಚ್ಚು.”

ನಾನು ಬೆಸೆದದ್ದನ್ನು ನಾನೇ ಬಿಚ್ಚಿದ್ದು ಅದೇ ಮೊದಲು. ಕೊಳವೆ ಕೆಂಪಾಗುವ ತನಕ ಕಾಯಿಸಿದರೆ ಹಿತ್ತಾಳೆ ಕರಗಿ ಕೂಡು ಸಡಿಲವಾಗುತ್ತದೆ, ಹಗುರಕ್ಕೆ ತಟ್ಟಿ ಎಳೆದರೆ ಕೈಗೆ ಬರುತ್ತದೆ. ಕೊಳವೆಗೆ ಏನೂ ಆಗಿರುವುದಿಲ್ಲ. “ನೋಡು ಬೇಟಾ,” ಎಂದರು ಉಸ್ತಾದರು, “ಈ ಹಿತ್ತಾಳಿ ನಮ್ಮ ತಪ್ಪ ತಿದ್ದಿಕೊಳ್ಳಾಕ ಜಾಗಾ ಕೊಡತೇತಿ. ಮನಷ್ಯಾರೇ ಕೊಡೂದಿಲ್ಲ.” ಸೀಟಿನ ಕೊಳವೆ, ಮುಂದಿನ ತಲೆಯ ಕೊಳವೆ ಎರಡನ್ನೂ ಉದ್ದದವು ಹಾಕಿದೆವು. ದಂಡಿ, ಕಲ್ಲು, ಸೀಟು ಎಲ್ಲ ಒಟ್ಟಿಗೆ ಎರಡು ಬೆರಳು ಮೇಲೇರಿದವು. ನಾಲ್ಕನೆಯ ದಿನ ಲಗಮಣ್ಣ ಶಿರಗುಪ್ಪಿಯಲ್ಲಿದ್ದ. ಮೋಟರಿನವನೂ ಆ ವರ್ಷ ಒಂದು ದಿನ ಬಂದು ಹೋದನಂತೆ. ಅವನ ಕಲ್ಲು ಜೋರಾಗಿ ತಿರುಗಿ, ಕೊಯ್ತಾದ ಅಂಚು ಕಾದು ನೀಲಿಯಾಗಿ, ಮಧ್ಯಾಹ್ನದ ಹೊತ್ತಿಗೆ ಮೊಂಡಾಗುತ್ತಿತ್ತು. ಹೆಂಗಸರೇ ಅವನನ್ನು ಕಳಿಸಿದರು. ಲಗಮಣ್ಣನ ಜಾಗ ಲಗಮಣ್ಣನಿಗೇ ಉಳಿಯಿತು.

ಆ ವಾರ ಒಂದು ಬೆಳಗ್ಗೆ ಶೆಡ್ಡಿಗೆ ಬಂದರೆ ಹೊಸ್ತಿಲ ಒಳಗೆ, ಗೋಡೆಗೆ ತಾಗಿ, ಒಂದು ಸಾಗುವಾನಿ ಹಲಗೆ ಇತ್ತು. ಕೆಳಗೆ ನಾಲ್ಕು ಗಿಡ್ಡ ಮರದ ಕಾಲು.

“ಇದೇನ್ರಿ ಉಸ್ತಾದ?”

“ಹಲಗಿ ಮ್ಯಾಲ ಏನ ಬೇಕಾದ್ದ ಹಾಕ್ಕೊಂಡ ನಿಲ್ಲಲಿ. ನೆಲಾ ಮುಟ್ಟಬಾರ್ದು.”

ಚಪ್ಪಲಿಯ ಬಗ್ಗೆ ಅವರು ಆಡಿದ ಕೊನೆಯ ಮಾತು ಅದು. ತಪ್ಪಾಯಿತು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲಿಂದ ಮುಂದೆ ನಾನು ಕಟ್ಟಿದ ಪ್ರತಿ ಫ್ರೇಮಿನ ಗಿರಾಕಿಯೂ ಆ ಹಲಗೆಯ ಮೇಲೆ ಚಪ್ಪಲಿ, ಬೂಟು, ಗಂಬೂಟು ಏನಿದೆಯೋ ಅದನ್ನು ಹಾಕಿಕೊಂಡೇ ನಿಂತಿದ್ದಾನೆ.

ಮುಂದೆ ಕಾಲ ಬದಲಾಯಿತು. ಮೊಬೈಲನ್ನು ಕೊಳವೆಗೆ ಒರಗಿಸಿದರೆ ಕೋನ ತೋರಿಸುತ್ತದೆ. ನಾನೂ ಬಳಸಿದೆ, ಒಳ್ಳೆಯದಿದೆ, ಬೈಯುವುದಿಲ್ಲ. ಅಥಣಿಯ ಒಬ್ಬ ದ್ರಾಕ್ಷಿ ತೋಟದ ಸಾಹುಕಾರರು ವಿದೇಶದ ಕಾರ್ಬನ್ ಸೈಕಲ್ಲು ತಂದು ತೋರಿಸಿದರು. “ಒಂದ ಬೆರಳಲೇ ಎತ್ತು ನೋಡೂಣು” ಎಂದರು. ಎತ್ತಿದೆ. ಹಗುರ ಇತ್ತು, ಹೌದು. ಎರಡು ವರ್ಷಕ್ಕೆ ಅದನ್ನೇ ಹಿಡಿದುಕೊಂಡು ಬಂದರು. ಎಲ್ಲೋ ಬಿದ್ದು ಬಿರುಕು ಬಿಟ್ಟಿತ್ತು. “ಬಾಳಪ್ಪ, ಏನರ ಮಾಡು.” ಏನು ಮಾಡಲಿ? ನನ್ನ ಕೈಯಲ್ಲಿ ಇರುವುದು ಬೆಂಕಿ. ಬೆಂಕಿ ತೋರಿಸಿದರೆ ಅದು ಸುಟ್ಟೇ ಹೋಗುತ್ತದೆ. ಈಗ ಅದು ಅವರ ಮಹಡಿಯ ಗೋಡೆಗೆ ನೇತಾಡುತ್ತಿದೆ. ಒಂದೇ ಬೆರಳಲ್ಲಿ ಎತ್ತಿ ಒರೆಸಬಹುದು.

ನನ್ನ ಬಲಗೈ ನಡುಗಲು ಶುರುವಾದ ಮೇಲೆ ಶೆಡ್ಡು ಬಿಟ್ಟೆ. ಮೂರು ವರ್ಷವಾಯಿತು. ಸಾಮಾನು ಮನೆಗೆ ತಂದೆ. ಹಲಗೆ ಅಂಗಳದಲ್ಲಿ ಬಿತ್ತು, ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಈ ಹಂಗಾಮಿಗೆ ಮೊದಲು ಲಗಮಣ್ಣ ಬಂದ. ಸೈಕಲ್ಲು ತಳ್ಳಿಕೊಂಡು ಬಂದವಳು ಅವನ ಮಗಳು ಸುರೇಖಾ. ಸುಮಾರು ಮೂವತ್ತರ ಹೆಣ್ಣುಮಗಳು. ಅಪ್ಪನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು.

“ಬಾಳಣ್ಣಾ, ಕಣ್ಣ ಹೋದೂರಿ,” ಎಂದ ಲಗಮಣ್ಣ. “ಜಲ್ಮೆಲ್ಲಾ ಕಿಡಿ ನೋಡಿ ನೋಡಿ. ಮಣಕಾಲ ಮಾತ್ರ ಹೋಗಿಲ್ಲ ನೋಡ್ರಿ.” ಎದ್ದು ನಿಂತು ಎರಡು ಬೈಠಕ್ ಹೊಡೆದು ತೋರಿಸಿದ.

“ಸಾಕ, ಕುಂಡ್ರು ಅಪ್ಪಾ,” ಎಂದಳು ಮಗಳು. ಆಮೇಲೆ ನನಗೆ: “ಕಾಕಾ, ಸಾಣಿ ಈಗ ನಾ ಹಿಡೀತೇನ್ರಿ. ಚಿಕ್ಕೋಡಿ, ನಿಪ್ಪಾಣಿ ಓಣ್ಯಾಗ ಕತ್ರಿ, ಈಳಿಗಿ ಎಲ್ಲಾ. ಹಂಗಾಮಿನ್ಯಾಗ ಶಿರಗುಪ್ಪಿ. ಖರೇ ಈ ಸೈಕಲ್ ನನಗ ಎಟಗೂದಿಲ್ಲ. ಸೀಟ ಇಳಿಸಿದ್ರ ಕಲ್ಲ ಎದಿಮಟ ಬರತೇತಿ. ಚಿಕ್ಕೋಡ್ಯಾಗ ಕೇಳಿದ್ರ, ಇದನ್ನ ಗುಜರಿಗೆ ಹಾಕಿ ಹೊಸಾದ ತಗೋ ಅಂದ್ರು.”

ಗುಜರಿ. ತಮ್ಮಾ, ನೀನು ಬರೆಯುವ ಮೊದಲೇ ನಾನು ಕೇಳಿದ್ದ ಮಾತು. ಸುಳ್ಳೇಕೆ, ಅವರು ಹೇಳಿದ್ದೇ ಸರಿಯೇನೋ ಎಂದು ನನಗೂ ಅನ್ನಿಸಿತು. ಒಬ್ಬನ ಮೈಗೆಂದೇ ಕಟ್ಟಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾದರೆ ಆ ಮನುಷ್ಯ ಕೆಲಸ ಬಿಟ್ಟ ದಿನ ನನ್ನ ಕೆಲಸವೂ ಸತ್ತಿತಲ್ಲ? ಮೂವತ್ತು ವರ್ಷ ಜನರ ಮುಂದೆ ಎದೆ ತಟ್ಟಿಕೊಂಡದ್ದು ಇಷ್ಟಕ್ಕೇನಾ?

ಆಗ ಉಸ್ತಾದರ ಆ ಒಂದೇ ಮಾತು ನೆನಪಾಯಿತು. ಬಿಚ್ಚು.

ಹಪ್ಪಳ ಎತ್ತಿಸಿದೆ. ಹಲಗೆಯನ್ನು ಗೋಡೆಗೆ ತಾಗಿಸಿ ಇಟ್ಟೆ. ಸುರೇಖಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿ ನಿಂತಳು. ನನಗೆ ರೇಗಿತು.

“ಏ ತಂಗಿ, ಚಪ್ಪಲ್ ಹಾಕ್ಕೊ! ನಿಮ್ಮಪ್ಪನ ಮಣಕಾಲ ಕೇಳ, ಅಂವಾ ಹೇಳತಾನ.”

“ಬ್ಯಾಡ್ರಿ ಕಾಕಾ. ನಾ ಬರಿಗಾಲಲೇ ತುಳೀತೇನಿ.”

“ಕಿಡಿ?”

“ತಗಡ ಅಡ್ಡ ಹಚ್ಚೇನಿ, ನೋಡ್ರಿ. ಕಿಡಿ ಅತ್ಲಾಗ ಹೋಗತಾವ. ಕಲ್ಲ ಹೆಂಗ ತಿರಗಾಕತ್ತೇತಿ ಅಂತ ಪೆಡಲಿನ ಮ್ಯಾಲ ಬೆರಳಿಗಿ ತಿಳೀತೇತಿ. ಅಟ್ಟಿ ನಡವ ಬಂದ್ರ ತಿಳ್ಯಾಂಗಿಲ್ಲ.”

ಕಟ್ಟೆಯ ಮೇಲೆ ಲಗಮಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಮತ್ತ ಕೇಳದ ಅಳ್ಯಾಕ ಹೊಂಟಿದ್ರಿ ನೋಡ್ರಿ ಬಾಳಣ್ಣಾ!”

ಬಗ್ಗಿ ನೋಡಿದೆ. ಇಷ್ಟು ವರ್ಷ ಅವನು ತುಳಿದ ಸೈಕಲ್ಲಿಗೆ ಅವಳು ಆಗಲೇ ಒಂದು ತಗಡು ಬಡಿದಿದ್ದಳು. ಅವನಿಗೆ ಹೊಳೆಯದ್ದು, ನನಗೂ ಹೊಳೆಯದ್ದು. ಬರಿಗಾಲಿನ ಅಳತೆ ಬರೆದುಕೊಂಡೆ.

ಫ್ರೇಮು ಬಿಚ್ಚಿ, ಸೀಟಿನ ಕೊಳವೆ, ತಲೆಯ ಕೊಳವೆ ಎರಡನ್ನೂ ಅವಳ ಅಳತೆಗೆ ಗಿಡ್ಡ ಮಾಡಿ ಮತ್ತೆ ಬೆಸೆಯಲು ಎಂಟು ದಿನ ಹಿಡಿಯಿತು. ಕೈ ನಡುಗದಂತೆ ಮರಳಿನ ಚೀಲದ ಮೇಲೆ ಮೊಣಕೈ ಊರಿ ಗ್ಯಾಸು ಹಿಡಿದೆ. ತೀಡುವ ಕೆಲಸ ಸುರೇಖಾಳದು. ಒಂದು ವರ್ಷ ಬರೀ ಅರ ಹಿಡಿದ ನನಗಿಂತ ಅವಳು ಒಂದು ಮಧ್ಯಾಹ್ನದಲ್ಲಿ ಚೆನ್ನಾಗಿ ತೀಡಿದಳು. ಲೋಹದ ಅಂಚು ಹೇಗೆ ಮಾತಾಡುತ್ತದೆ ಎಂದು ಬೆರಳಿಗೆ ಗೊತ್ತಿರುವವಳು. ಕೂಡನ್ನು ಬೆಳಕಿಗೆ ಹಿಡಿದೆ. ಕೂದಲಷ್ಟೂ ಬೆಳಕಿಲ್ಲ.

ಕೊನೆಗೆ ಫ್ರೇಮನ್ನು ಬೇವಿನ ಕೊಂಬೆಗೆ ತೂಗುಹಾಕಿ ಸ್ಪ್ಯಾನರನ್ನು ಲಗಮಣ್ಣನ ಕೈಗೆ ಕೊಟ್ಟೆ. ಕೈಯಾಡಿಸಿ ದಂಡಿ ಹುಡುಕಿಕೊಂಡು ಬಡಿದ. ನಾದ ಅಂಗಳ ದಾಟಿ ಹೋಯಿತು.

“ಐತಿ,” ಎಂದ. “ಅದೇ ಐತಿ.”

ಈ ಹಂಗಾಮಿನಲ್ಲಿ ಸುರೇಖಾ ಶಿರಗುಪ್ಪಿಯಲ್ಲಿದ್ದಾಳೆ, ಅಪ್ಪ ಕೂರುತ್ತಿದ್ದ ಜಾಗದಲ್ಲೇ. ಅವಳ ಸೈಕಲ್ಲಿನಲ್ಲಿ ಉಸ್ತಾದರ ಕಾಲದ ಕೊಳವೆ ಇದೆ, ನನ್ನ ಹಿತ್ತಾಳೆ ಇದೆ, ಅವಳ ಅರದ ಗೆರೆ ಇದೆ.

ಈಗ ನಿನಗೆ, ಗುಜರಿಯ ತಮ್ಮಾ. ಹಾಕುವುದಿಲ್ಲ. ಗ್ಯಾಸು ಮತ್ತೆ ತುಂಬಿಸಿದ್ದೇನೆ, ಮರಳಿನ ಚೀಲವೂ ಇದೆ. ಹಪ್ಪಳಕ್ಕೆ ಹೆಂಡತಿ ಬೇರೆ ಜಾಗ ಹುಡುಕಿಕೊಂಡಿದ್ದಾಳೆ. ಹಲಗೆ ಗೋಡೆಗೆ ತಾಗಿಯೇ ಇದೆ, ಬಂದು ನಿಲ್ಲು. ಟೇಪು ಬಿಚ್ಚುವ ಮೊದಲು ಒಂದೇ ಒಂದು ಕೇಳುತ್ತೇನೆ: ಕಾಲಿಗೆ ಏನ ಹಾಕ್ಕೊಂಡ ತುಳೀತಿ?